ಕೌದಿಯಲ್ಲಿ ಬಿಟ್ಟ ನಾಲ್ಕು ಬೆರಳು

ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಇಲ್ಲಿ ಬಿಟ್ಟು ಹೋಗುವುದು ರೂಢಿ. ಯಾರೋ ಬದನೆಕಾಯಿ ಬಿಡುತ್ತಾರೆ, ಯಾರೋ ಪೇರಲಹಣ್ಣು ಬಿಡುತ್ತಾರೆ. ತಮಗೆ ಮೊದಲಿನಿಂದಲೂ ಸೇರದ ಹಾಗಲಕಾಯಿಯನ್ನು ಬಿಟ್ಟು ಪುಣ್ಯ ಕಟ್ಟಿಕೊಂಡವರನ್ನೂ ನಾನು ಬಲ್ಲೆ. ನನಗೆ ಆ ತೊಂದರೆ ಇರಲಿಲ್ಲ. ಬಿಡಬೇಕಾದದ್ದನ್ನು ಧಾರವಾಡದಲ್ಲೇ ಬಿಟ್ಟು ಬಂದಿದ್ದೆ. ಅಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಹೊಲಿಗೆ ಟೀಚರ್ ಆಗಿದ್ದೆ. ಮದುವೆಯಾದ ಮೇಲೆ ಗಂಡನಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ನಾನು ಸೂಜಿಡಬ್ಬಿ ಹಿಡಿದುಕೊಂಡು ಅವರ ಹಿಂದೆ ಬಂದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ ಅದು. ನಮ್ಮ ಮನೆಗೆ ಮೊಬೈಲ್ ಆಗಷ್ಟೇ ಬಂದಿತ್ತು. ಮನೆಯ ಮೇಲಿನ ಛತ್ತಿನ ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ನಿಂತರೆ ಮಾತ್ರ ಅದು ಮಾತಾಡುತ್ತಿತ್ತು.

ಹನುಮಾನ್ ಘಾಟಿನ ಗಲ್ಲಿಯಲ್ಲಿ ನಮ್ಮ ಬಾಡಿಗೆ ಮನೆ. ಮೇಲಿನ ಎರಡು ಕೋಣೆ, ಛತ್ತು ನಮ್ಮದು. ಕೆಳಗೆ ಅಂಗಳದ ಪಕ್ಕದ ಒಂದು ಕೋಣೆಯಲ್ಲಿ ಒಬ್ಬ ಅಜ್ಜಿ ಇದ್ದರು. ಕೃಷ್ಣಾ ನದಿಯ ದಂಡೆಯ ಒಂದು ಹಳ್ಳಿಯವರು. ಎಪ್ಪತ್ತು ದಾಟಿದ ವಯಸ್ಸು, ಬೋಳಿಸಿದ ತಲೆ, ಅದರ ಮೇಲೆ ಕೆಂಪು ಸೀರೆಯ ಸೆರಗು. ಕೊನೆಗಾಲವನ್ನು ಕಾಶಿಯಲ್ಲಿ ಕಳೆಯಬೇಕೆಂದು ಬಂದವರು, ಮತ್ತೆ ಊರಿಗೆ ಹೋಗುವ ಮಾತೇ ಇರಲಿಲ್ಲ. ಬೆಳಗ್ಗೆ ಗಂಗಾಸ್ನಾನ, ಕೇದಾರನ ದರ್ಶನ, ಆಮೇಲೆ ತಮ್ಮ ಸ್ಟೋವಿನ ಮೇಲೆ ತಾವೇ ಮಾಡಿಕೊಂಡ ಅನ್ನ. ಊಟವಾಗುವವರೆಗೂ ಮಡಿ. ಯಾರನ್ನೂ ಮುಟ್ಟುವುದಿಲ್ಲ, ಯಾರೂ ಅವರನ್ನು ಮುಟ್ಟುವ ಹಾಗಿಲ್ಲ. ಗಲ್ಲಿಯ ಆಕಳುಗಳಿಗೂ ಅದು ಗೊತ್ತಿದ್ದಂತೆ ಅವರು ಬಂದರೆ ಪಕ್ಕಕ್ಕೆ ಸರಿಯುತ್ತಿದ್ದವು.

ಅವರ ಹೊಲಿಗೆ ನನ್ನ ಕಣ್ಣಿಗೆ ಬಿದ್ದದ್ದು ಒಂದು ಮಂಗನ ದಯೆಯಿಂದ. ಛತ್ತಿನ ಮೇಲೆ ಒಣಹಾಕಿದ್ದ ಗಂಡನ ಶರಟನ್ನು ಮಂಗ ಎಳೆದುಕೊಂಡು ಹೋಗಿ, ಬೆನ್ನಿನ ಮೇಲೆ ಗೇಣುದ್ದ ಸೀಳಿ, ಅಜ್ಜಿಯ ಕೋಣೆಯ ಮುಂದೆ ಬಿಸಾಕಿತ್ತು. ನನಗಾಗ ಮೂರನೇ ತಿಂಗಳು. ಹೊಟ್ಟೆಯಲ್ಲಿ ನೀರು ನಿಲ್ಲುತ್ತಿರಲಿಲ್ಲ, ಮೂಗಿನ ತುದಿಯ ಮೇಲೇ ಸಿಟ್ಟು. ಶರಟಿನ ಯೋಚನೆ ಬಿಟ್ಟು ಮಲಗಿಬಿಟ್ಟಿದ್ದೆ. ಸಂಜೆಯ ಹೊತ್ತಿಗೆ ಅಜ್ಜಿ ಅದನ್ನು ಮಡಚಿ ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದರು. ಸೀಳಿದ ಜಾಗವನ್ನು ಬೆಳಕಿಗೆ ಹಿಡಿದು ಹುಡುಕಬೇಕಾಯಿತು. ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು.

ಮರುದಿನ ಕೆಳಗೆ ಇಳಿದು, ಇಷ್ಟು ಚಂದ ಹೊಲಿಯುತ್ತೀರಿ, ಒಂದು ಕೌದಿ ಯಾಕೆ ಹೊಲಿಯಬಾರದು ಎಂದು ಕೇಳಿದೆ. ನಮ್ಮ ಕಡೆಯ ಕೌದಿ ಎಂದರೆ ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಒಂದು ಅಂಚಿನಿಂದ ಸುತ್ತುತ್ತ ಹೊಲಿದುಕೊಂಡು ಹೋಗುವ ಹೊದಿಕೆ. ನನಗೆ ಅದು ಕೈಗೆ ಬಂದ ಕೆಲಸ. ಅಜ್ಜಿ ನನ್ನ ಮಾತಿಗೆ ತಲೆ ಅಲ್ಲಾಡಿಸಿದರು.

"ಹರಿದದ್ದು ಹೊಲೀಲಿಕ್ಕೆ ಬರ್ತದ ತಂಗಿ. ಹೊಸಾದು ಮಾಡ್ಲಿಕ್ಕೆ ನನಗ ಬರೂದಿಲ್ಲ."

ಈ ಮಾತು ನನ್ನೊಳಗಿನ ಟೀಚರನ್ನು ಎಬ್ಬಿಸಿತು. ಬರುವುದಿಲ್ಲ ಎಂದ ಹುಡುಗಿಯರನ್ನು ನಾನು ಶಾಲೆಯಲ್ಲಿ ಎಷ್ಟು ಕಂಡಿಲ್ಲ. ದೊಡ್ಡ ಕೌದಿ ತೋರಿಸಿದರೆ ಅವರ ಜೀವ ಹಾರಿಹೋಗುತ್ತದೆ. ಅದರ ಬದಲು ಕರವಸ್ತ್ರದಷ್ಟು ಬಟ್ಟೆ ಕೊಟ್ಟು ಒಂದೇ ಒಂದು ಷರತ್ತು ಹಾಕಬೇಕು. ಎರಡೇ ಬಣ್ಣ ಇರಬೇಕು ಎನ್ನಬೇಕು, ಇಲ್ಲವೇ ಚೌಕ ಇರಲೇಬಾರದು ಎನ್ನಬೇಕು. ಷರತ್ತು ಇದ್ದರೆ ಹಠ ಹುಟ್ಟುತ್ತದೆ, ಹಠದಲ್ಲಿ ಹೆದರಿಕೆ ಮರೆತುಹೋಗುತ್ತದೆ. ಇದನ್ನು ನಾವು ಪಂಥ ಎನ್ನುತ್ತಿದ್ದೆವು. ಪ್ರತಿ ಸೋಮವಾರ ಒಂದು ಪಂಥ. ಅಜ್ಜಿಗೂ ಒಂದು ಪಂಥ ಕಟ್ಟಿದರೆ ಏನಾಗುತ್ತದೆ ನೋಡೋಣ ಎನಿಸಿತು. ನನಗೂ ದಿನ ಹೋಗುತ್ತಿರಲಿಲ್ಲ.

ಗೋದೌಲಿಯಾದ ಹತ್ತಿರದ ಒಂದು ಗಲ್ಲಿಯ ದರ್ಜಿಯ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಗಳು ಚೀಲಗಟ್ಟಲೆ ಬಿದ್ದಿರುತ್ತಿದ್ದವು. ಇಲ್ಲಿ ಅದಕ್ಕೆ ಕತರನ್ ಎನ್ನುತ್ತಾರೆ. ಸಿಲ್ಕಿನದು ಬೇಡ, ಹತ್ತಿಬಟ್ಟೆಯದೇ ಕೊಡಿ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿ ಒಂದು ಚೀಲ ತಂದೆ. ಅಜ್ಜಿ ಅದನ್ನು ದೂರದಿಂದಲೇ ನೋಡಿದರು. ಯಾರ್ಯಾರು ಮುಟ್ಟಿದ ಬಟ್ಟೆಯ ತುಂಡೋ ಏನೋ, ಮುಟ್ಟಿದರೆ ಮೈಲಿಗೆ. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಮಧ್ಯಾಹ್ನ ಊಟ ಮುಗಿದ ಮೇಲೆ ಮೇಲೆ ಬಂದು ಕೂರುವುದು, ಸಂಜೆ ದೀಪ ಹಚ್ಚುವ ಮೊದಲು ಮತ್ತೆ ಗಂಗೆಗೆ ಇಳಿದು ಮುಳುಗಿ ಬರುವುದು. ಅಂಗೈಯಗಲದ ಬಟ್ಟೆಗೆ ಒಂದು ಗಂಗಾಸ್ನಾನವೇ ಎಂದು ನಾನು ಕೇಳಿದ್ದಕ್ಕೆ, ಗಂಗವ್ವ ಬಾಗಿಲಲ್ಲೇ ಇರುವಾಗ ನಿನ್ನ ಗಂಟೇನು ಹೋಯಿತು ಎಂದು ನನ್ನ ಬಾಯಿ ಮುಚ್ಚಿಸಿದರು.

ಮೊದಲ ಪಂಥ ಎರಡೇ ಬಣ್ಣದ್ದು. ಅವರು ಆರಿಸಿದ್ದು ಮಾಸಲು ಕೆಂಪು ಮತ್ತು ಬಿಳಿ. ಇಡೀ ಚೀಲದಲ್ಲಿ ತಮ್ಮ ಸೀರೆಯ ಬಣ್ಣವನ್ನೇ ಹುಡುಕಿ ತೆಗೆದಿದ್ದರು. ಹೊಲಿಗೆಯಲ್ಲಿ ಕುಂದು ಹೇಳುವ ಹಾಗಿರಲಿಲ್ಲ, ನೋಡಲು ಮಾತ್ರ ಒರಸುವ ಬಟ್ಟೆಯಂತಿತ್ತು. ಹಾಗೆಂದು ಹೇಳಿಯೂಬಿಟ್ಟೆ. ಅವರಿಗೆ ಬೇಸರವಾಗಲಿಲ್ಲ, ಒರಸಲಿಕ್ಕೇ ಇಟ್ಟುಕೋ ಎಂದರು.

ಎರಡನೆಯದಕ್ಕೆ ನಾನು ಬಿಗಿಯಾದೆ. ಎಂದೂ ಮುಟ್ಟದ ಬಣ್ಣವೊಂದು ಇದರಲ್ಲಿ ಇರಬೇಕು ಎಂದೆ. ಚೀಲದಲ್ಲಿ ಒಳ್ಳೆಯ ಗಿಳಿಹಸಿರು ತುಂಡೊಂದಿತ್ತು. ಹಸಿರು ಎಂದರೆ ಮುತ್ತೈದೆಯರ ಬಣ್ಣ, ಬಸುರಿಯ ಬಳೆ ಸೀರೆಗಳ ಬಣ್ಣ. ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು, ಮತ್ತೆ ಚೀಲಕ್ಕೆ ಹಾಕಿದರು, ಮರುದಿನ ಮತ್ತೆ ತೆಗೆದರು. ಆ ವಾರ ಪೂರ್ತಿ ಇದೇ ಆಯಿತು. ನಾನು ತಡೆಯಲಾರದೆ ಪಂಥ ಬದಲಿಸುತ್ತೇನೆ ಎನ್ನುವಷ್ಟರಲ್ಲಿ ಅವರು ತಮ್ಮ ತುಂಡನ್ನು ನನ್ನ ಮುಂದೆ ಇಟ್ಟರು. ಬಿಳಿ, ಬೂದು, ಮತ್ತೆ ಬಿಳಿ. ಸರಿಯಾಗಿ ನಡುವೆ, ಕಡಲೆಬೇಳೆಯಷ್ಟು ಹಸಿರು. ಇಷ್ಟು ಸಣ್ಣ ತುಂಡಿನ ಅಂಚನ್ನು ಒಳಗೆ ಮಡಚಿ ಹೊಲಿಯುವುದು ನನ್ನಿಂದ ಸಾಧ್ಯವಿರಲಿಲ್ಲ. ಅದನ್ನು ನೋಡಿ ನನಗೆ ಯಾಕೋ ಅಳು ಬಂತು. ಬಸುರಿಗೆ ಅಳಲು ಕಾರಣ ಬೇಕಿಲ್ಲ ಎಂದು ಅಜ್ಜಿಯೂ ಅದನ್ನು ದೊಡ್ಡದು ಮಾಡಲಿಲ್ಲ.

ಆಮೇಲೆ ಪಂಥಗಳು ಸಲೀಸಾಗಿ ನಡೆದವು. ಕಿಟಕಿಯಿಂದ ಕಾಣುವುದನ್ನು ಹೊಲಿಯಿರಿ ಎಂದಾಗ ಘಾಟಿನ ಮೆಟ್ಟಿಲುಗಳನ್ನು ಪಟ್ಟಿ ಪಟ್ಟಿಯಾಗಿ ಕೂಡಿಸಿದರು. ಹೊಳೆ ಎಲ್ಲಿ ಎಂದು ಕೇಳಿದರೆ ಕೆಳಗಿನ ಖಾಲಿ ಬಟ್ಟೆಯ ಮೇಲೆ ಬೆರಳಾಡಿಸಿದರು. ಅಲ್ಲಿ ಬರಿಯ ಹೊಲಿಗೆ ಇತ್ತು, ಸ್ವಲ್ಪ ಸ್ವಲ್ಪವೇ ಬಾಗುತ್ತ ಹೋಗುವ ಸಾಲುಗಳು. ಒಂದು ತುಂಡನ್ನು ಬೇಕೆಂದೇ ಸೊಟ್ಟ ಹಚ್ಚಿರಿ ಎಂದ ವಾರ ಮಾತ್ರ ಒದ್ದಾಡಿಹೋದರು. ಹಚ್ಚಿದರು, ಬಿಚ್ಚಿದರು, ಹಚ್ಚಿದರು. ಸೊಟ್ಟ ಹೊಲಿದರೆ ಅವರ ವೈನಿ, ಅಂದರೆ ಅಣ್ಣನ ಹೆಂಡತಿ, ಸೌಟಿನಿಂದ ಮೊಣಕೈಗೆ ಬಾರಿಸುತ್ತಿದ್ದಳಂತೆ. ಈಗ ವೈನಿಯೂ ಇಲ್ಲ, ಸೌಟೂ ಇಲ್ಲ ಎಂದೆ. ಕೊನೆಗೆ ಒಂದು ಹಳದಿ ತುಂಡನ್ನು ಕುಣಿಯುವ ಹುಡುಗಿಯ ಲಂಗದಂತೆ ಓರೆಯಾಗಿ ಹಚ್ಚಿ, ಅದನ್ನು ತೋಳಿನಷ್ಟು ದೂರ ಹಿಡಿದು ನೋಡಿ ನಕ್ಕರು. ಅವರಿಗೆ ಮುಂದಿನ ಹಲ್ಲುಗಳು ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಅಂದೇ.

ಆದರೆ ಒಂದು ವಿಷಯ ನನ್ನ ತಲೆ ಕೆಡಿಸುತ್ತಿತ್ತು. ಯಾವ ತುಂಡನ್ನೂ ಅವರು ಪೂರ್ತಿ ಮಾಡಿ ಕೊಡುತ್ತಿರಲಿಲ್ಲ. ಸುತ್ತಲಿನ ಅಂಚು ಹೊಲಿದು ಬಂದು, ಕೊನೆಯಲ್ಲಿ ನಾಲ್ಕು ಬೆರಳಗಲ ಜಾಗ ಬಾಯಿ ತೆರೆದೇ ಇರುತ್ತಿತ್ತು. ಅಲ್ಲಿಯೇ ಸೂಜಿ ಚುಚ್ಚಿ, ದಾರ ಜೋತಾಡಿಸಿ ನನ್ನ ಕೈಗೆ ಕೊಡುತ್ತಿದ್ದರು. ಮೊದಲು ಕಣ್ಣು ಸೋತಿರಬೇಕು ಎಂದುಕೊಂಡು ನಾನೇ ಮುಚ್ಚಿದೆ. ಆಮೇಲೆ ಸ್ನಾನಕ್ಕೆ ಹೊತ್ತಾಯಿತು ಎಂದಿರಬೇಕು ಎಂದುಕೊಂಡೆ. ಮತ್ತೆ ಮತ್ತೆ ಹಾಗೇ ಆದಾಗ ನನ್ನ ತಾಳ್ಮೆ ತಪ್ಪಿತು. ಶಾಲೆಯಲ್ಲಿ ಇಂಥ ಹುಡುಗಿಯರಿಗೆ ನಾನು ಅರ್ಧ ಮಾರ್ಕು ಕೊಡುತ್ತಿದ್ದೆ. ಒಂದು ಮಧ್ಯಾಹ್ನ ತುಂಡನ್ನು ಅವರ ಮಡಿಲಿಗೇ ವಾಪಸು ಹಾಕಿ, ಮುಗಿಸಲಾರದ ಕೆಲಸಕ್ಕೆ ಕೈ ಯಾಕೆ ಹಾಕಬೇಕು ಎಂದೆ.

ಅಜ್ಜಿ ಆ ಬಾಯಿಯನ್ನು ಬೆರಳಿನಿಂದ ಕೂಡಿಸಿ ಹಿಡಿದರು.

"ಕೌದಿ ಬಾಯಿ ಮುತ್ತೈದೇರು ಮುಚ್ಚತಾರ," ಅಂದರು. "ನಾವು ಮುಚ್ಚಬಾರದು."

ಕೌದಿ ಮುಗಿಸುವಾಗ ಅದರ ಹೊಟ್ಟೆ ಖಾಲಿ ಇರಬಾರದೆಂದು, ಕೊನೆಗೆ ಉಳಿಸಿದ ಸಂದಿನಲ್ಲಿ ಒಂದು ಚೂರು ರೊಟ್ಟಿಯನ್ನೋ ನಾಲ್ಕು ಗೋಧಿಕಾಳನ್ನೋ ಹಾಕಿ ಹೊಲಿಯುವುದು ನಮ್ಮ ಕಡೆ ಇದೆ. ಅದನ್ನು ನಾನೂ ಬಲ್ಲೆ. ಆದರೆ ಅದನ್ನು ಮುಚ್ಚುವ ಕೈ ಯಾರದ್ದಿರಬೇಕು ಎಂದು ನಾನು ಯೋಚಿಸಿರಲಿಲ್ಲ. ನಮ್ಮಮ್ಮ ಮುಚ್ಚುತ್ತಿದ್ದಳು, ನಾನು ನೋಡುತ್ತಿದ್ದೆ, ಅಷ್ಟೆ. ಅಜ್ಜಿ ಎಂಟು ವರ್ಷದವರಿದ್ದಾಗ ಮದುವೆಯಾಗಿ, ಗಂಡನ ಮನೆಯ ಹೊಸ್ತಿಲು ಕಾಣುವ ಮೊದಲೇ ವಿಧವೆಯಾದವರು. ಗಂಡನ ಮುಖ ನೆನಪಿಲ್ಲ. ಅಣ್ಣನ ಮನೆಯಲ್ಲಿ ಹುಟ್ಟಿದ ಅಷ್ಟೂ ಕೂಸುಗಳಿಗೆ ಕೌದಿ ಹೊಲಿದವರು ಇವರೇ, ಅದೂ ವೈನಿ ಆರಿಸಿಕೊಟ್ಟ ಬಣ್ಣದಲ್ಲಿ, ವೈನಿ ಹೇಳಿದ ಹಾಗೆ. ಹೊಸದು ಮಾಡಲು ಬರುವುದಿಲ್ಲ ಎಂದದ್ದು ಇದಕ್ಕೇ. ಕೊನೆಯ ನಾಲ್ಕು ಬೆರಳು ಬಂದಾಗ ವೈನಿ ಬಂದು ಕಾಳು ಹಾಕಿ ಬಾಯಿ ಮುಚ್ಚುತ್ತಿದ್ದಳು. ತೊಟ್ಟಿಲಿಗೆ ಹಾಕುವ ದಿನ ಬಂದವರೆಲ್ಲ ಕೌದಿಯನ್ನು ಎತ್ತಿ ನೋಡಿ ವೈನಿಯ ಕೈ ಹೊಗಳುತ್ತಿದ್ದರು. ಇವರು ಒಳಗೆ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದರು. ಇದನ್ನೆಲ್ಲ ಅವರು ದೂರಿನಂತೆ ಹೇಳಲಿಲ್ಲ. ಇಂದು ಹಾಲು ತಡವಾಗಿ ಬಂತು ಎನ್ನುವ ಹಾಗೆ ಹೇಳಿದರು. ಸಿಟ್ಟು ಬಂದದ್ದು ನನಗೆ. ಸತ್ತುಹೋದ ಆ ವೈನಿಯ ಮೇಲೆ, ಅವಳ ಸೌಟಿನ ಮೇಲೆ, ಹೊಗಳಿದ ಅಷ್ಟೂ ಹೆಂಗಸರ ಮೇಲೆ ನನಗೆ ಸಿಟ್ಟು ಉಕ್ಕಿತು.

ಅಂದೇ ನಾನು ಒಂದು ನಿಶ್ಚಯ ಮಾಡಿದೆ. ನನ್ನ ಮಗುವಿನ ಕೌದಿಯನ್ನು ಈ ಅಜ್ಜಿಯೇ ಹೊಲಿಯಬೇಕು, ಅದರ ಬಾಯಿಯನ್ನೂ ಅವರೇ ಮುಚ್ಚಬೇಕು. ಮನಸ್ಸಿನಲ್ಲಿ ಇಟ್ಟುಕೊಳ್ಳಲಾಗದೆ ಅಲ್ಲೇ ಹೇಳಿದೆ. ಅವರು ಸೂಜಿಡಬ್ಬಿ ಮುಚ್ಚಿ ಕೆಳಗೆ ಹೋದವರು ಒಂದು ವಾರ ಮೇಲೆ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಮಡಿಯ ನೆಪ ಹೇಳಿ ಸರಿದು ಹೋಗುತ್ತಿದ್ದರು.

ಗಂಡನಿಗೆ ಹೇಳಿದರೆ, ಎಪ್ಪತ್ತು ವರ್ಷ ನಂಬಿದ್ದನ್ನು ನೀನು ಒಂದು ಮಧ್ಯಾಹ್ನದಲ್ಲಿ ಬಿಚ್ಚುತ್ತೀಯೇನು ಎಂದರು. ಅದು ನಿಜ. ಪಂಥ ದೊಡ್ಡದಾಯಿತು ಎಂದು ನನಗೂ ಅನಿಸಿತು. ಹುಡುಗಿಯರಿಗೆ ಕೊಡುವ ಹಾಗೆ ಇದನ್ನೂ ಸಣ್ಣ ಸಣ್ಣದು ಮಾಡಿ ಕೊಡಬೇಕಿತ್ತು. ಅಜ್ಜಿಯ ಕೋಣೆಯ ಹೊಸ್ತಿಲಲ್ಲಿ ಕೂತು ಹೊಸ ಷರತ್ತು ಹೇಳಿದೆ. ಬಾಯಿ ಮುಚ್ಚುವುದು ಬೇಡ. ಈ ಸಲ ನಾಲ್ಕು ಬೆರಳಿನ ಬದಲು ಮೂರು ಬೆರಳು ಬಿಡಿ, ಅಷ್ಟೇ. ಅವರು ಒಲೆಯ ಮೇಲಿನ ಪಾತ್ರೆ ಇಳಿಸಿ ನನ್ನ ಮುಖ ನೋಡಿದರು. ಮೂರು ಬೆರಳು ಬಿಟ್ಟರೂ ಬಿಟ್ಟ ಹಾಗೇ ಅಲ್ಲವೇ ಎಂದು ನಾನು ವಾದಿಸಿದೆ. ಶಾಸ್ತ್ರದಲ್ಲಿ ಬೆರಳಿನ ಲೆಕ್ಕ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನಗಳು ಮತ್ತೆ ಶುರುವಾದವು. ಮೂರು ಬೆರಳಾಯಿತು. ಅದು ಎರಡಕ್ಕೆ ಇಳಿಯಲು ಚಳಿಗಾಲ ಅರ್ಧ ಕಳೆಯಿತು. ಮಂಜು ಬಿದ್ದು ಹೊಳೆಯೇ ಕಾಣದ ದಿನಗಳಲ್ಲಿ ಅಜ್ಜಿ ಬೇಡವೆಂದರೂ ಕೇಳದೆ ಸಂಜೆಯ ಸ್ನಾನಕ್ಕೆ ಇಳಿದು, ಹಲ್ಲು ಕಟಕಟಿಸುತ್ತ ಹತ್ತಿ ಬರುತ್ತಿದ್ದರು. ಹಲ್ಲೇ ಇಲ್ಲವಲ್ಲ ಎಂದು ನಾನು ಚುಡಾಯಿಸಿದರೆ, ಇದ್ದ ನಾಲ್ಕು ಸಾಕು ಎನ್ನುತ್ತಿದ್ದರು. ಎರಡು ಬೆರಳು ಒಂದಾಯಿತು. ಆಮೇಲೆ ಸೂಜಿ ತೂರುವಷ್ಟು. ಅಲ್ಲಿಂದ ಮುಂದೆ ಮಾತ್ರ ಅವರ ಕೈ ಹೋಗಲಿಲ್ಲ. ಒಂದೇ ಒಂದು ಹೊಲಿಗೆ ಹಾಕಿದರೆ ಮುಗಿಯುವ ಕಡೆ ಬಂದು ಸೂಜಿಯನ್ನು ನನ್ನ ಕಡೆ ಚಾಚುತ್ತಿದ್ದರು, ನಾನು ಬಾಯಿ ಬಿಗಿದುಕೊಂಡು ಹಾಕುತ್ತಿದ್ದೆ.

ಏಳನೇ ತಿಂಗಳು ಕಳೆದ ಮೇಲೆ ಪೆಟ್ಟಿಗೆಯ ತಳದಿಂದ ನಮ್ಮಮ್ಮನ ಇಳಕಲ್ ಸೀರೆ ತೆಗೆದೆ. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಅವಳಿದ್ದಿದ್ದರೆ ಚೊಚ್ಚಲ ಹೆರಿಗೆಗೆ ನಾನು ತವರಿಗೆ ಹೋಗುತ್ತಿದ್ದೆ, ಕೌದಿಯನ್ನು ಅವಳೇ ಹೊಲಿಯುತ್ತಿದ್ದಳು. ಉಟ್ಟು ಒಗೆದು ಮೆತ್ತಗಾದ ಆ ಸೀರೆ ಪೂರ್ತಿ ಹಸಿರು, ಸೆರಗು ಮಾತ್ರ ಕೆಂಪು. ಕತ್ತರಿ ಹಿಡಿದೆ. ಹಾಕಲಾಗಲಿಲ್ಲ. ಇಷ್ಟು ದಿನ ಅಜ್ಜಿಗೆ ಧೈರ್ಯ ಹೇಳಿದವಳು ನಾನೇ ಬಟ್ಟೆಯ ಮೇಲೆ ಕತ್ತರಿ ಹಿಡಿದು ಕೂತುಬಿಟ್ಟೆ. ಅಜ್ಜಿ ನನ್ನ ಕೈಯಿಂದ ಕತ್ತರಿ ತೆಗೆದು ಪಕ್ಕಕ್ಕೆ ಇಟ್ಟರು.

"ಕತ್ತರಿ ಬ್ಯಾಡ ತಂಗಿ, ಹರಿಯೂಣು. ಹರಿದರ ಎಳಿ ಹಿಡಿದು ನೆಟ್ಟಗ ಹೋಗ್ತದ. ಬಾ, ಆ ತುದಿ ಹಿಡಿ."

ಆ ತುದಿ ನಾನು ಹಿಡಿದೆ, ಈ ತುದಿ ಅವರು ಹಿಡಿದರು. ಬಟ್ಟೆ ಒಂದೇ ಎಳೆತಕ್ಕೆ ಉದ್ದಕ್ಕೂ ಹರಿದುಕೊಂಡು ಹೋಯಿತು. ಕಡಲೆಬೇಳೆಯಷ್ಟು ಹಸಿರು ಹಚ್ಚಲು ವಾರ ತೆಗೆದುಕೊಂಡಿದ್ದ ಅಜ್ಜಿಯ ಮಡಿಲ ತುಂಬ ಈಗ ಹಸಿರೇ ಇತ್ತು. ಅವರು ಅದನ್ನು ಕೊಡವಲಿಲ್ಲ, ಸರಿಸಲಿಲ್ಲ.

ಆ ಕೌದಿಗೆ ನಾನು ಯಾವ ಷರತ್ತೂ ಹಾಕಲಿಲ್ಲ. ಅವರೇ ತಮ್ಮ ಮನಸ್ಸಿನಂತೆ ಕೂಡಿಸಿದರು. ಹಿಂದಿನ ಪಂಥಗಳೆಲ್ಲ ಅದರಲ್ಲಿ ಒಂದೊಂದಾಗಿ ಬಂದು ಕೂತವು. ಮೆಟ್ಟಿಲ ಪಟ್ಟಿಗಳು ಒಂದು ಬದಿಗೆ, ಕೆಳಗೆ ಬಾಗುವ ಹೊಲಿಗೆಯ ಹೊಳೆ, ಮೂಲೆಯಲ್ಲಿ ಬೇಕೆಂದೇ ಸೊಟ್ಟ ಹಚ್ಚಿದ ಒಂದು ಹಳದಿ ತುಂಡು. ಮನೆಯ ಮಾಲಕಿ ಮೇಲೆ ಬಂದಾಗ ನೋಡಿ, ನಮ್ಮ ಕಥರಿಗಿಂತ, ಅಂದರೆ ಇಲ್ಲಿನ ಕೌದಿಗಿಂತ, ಚಂದ ಇದೆ ಎಂದು ತಮ್ಮ ಭಾಷೆಯಲ್ಲಿ ಹೊಗಳಿದರು. ಅಜ್ಜಿಗೆ ಹಿಂದಿ ಅಷ್ಟಕ್ಕಷ್ಟೇ, ಆದರೂ ಹೊಗಳಿಕೆ ಅರ್ಥವಾಗಿ ಸೆರಗನ್ನು ಮುಂದೆ ಎಳೆದುಕೊಂಡರು. ಕೊನೆಗೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದರು. ಹೊಟ್ಟೆಯಲ್ಲಿರುವ ಕೂಸಿಗೆ ಕೌದಿಯನ್ನು ಪೂರ್ತಿ ಮುಗಿಸಿ ಇಡಬಾರದಂತೆ. ಅದು ಹುಟ್ಟಿ ಕಣ್ಣು ಬಿಟ್ಟ ಮೇಲೆ ಮುಚ್ಚಬೇಕಂತೆ. ಇದಕ್ಕೆ ನಾನೂ ಎದುರಾಡಲಿಲ್ಲ, ಹೆದರಿಕೆ ನನಗೂ ಇತ್ತು.

ನಿಜವಾದ ಹೆದರಿಕೆ ಮಾತ್ರ ಬೇರೆ ಇತ್ತು. ಬಾಣಂತನಕ್ಕೆ ಅತ್ತೆ ಬರುವವರಿದ್ದರು. ನಮ್ಮ ಅತ್ತೆ ಕೆಟ್ಟವರಲ್ಲ, ಆದರೆ ಶಾಸ್ತ್ರದಲ್ಲಿ ಕೂದಲೆಳೆಯಷ್ಟೂ ಬಿಡದವರು. ಮಾವ ಗಟ್ಟಿಮುಟ್ಟಾಗಿದ್ದರು. ಕೌದಿಯ ಬಾಯಿ ಮುಚ್ಚಲು ಅತ್ತೆಗಿಂತ ಮುತ್ತೈದೆ ಎಲ್ಲಿ ಹುಡುಕಬೇಕು? ಅಜ್ಜಿ ಇದನ್ನು ಕೇಳಿ ಹಗುರಾದರು. ನಿಮ್ಮತ್ತೆ ಬರುತ್ತಾರಲ್ಲ, ಅವರೇ ಮುಚ್ಚುತ್ತಾರೆ ಎಂದರು. ನನ್ನ ಇಷ್ಟು ತಿಂಗಳ ಪಂಥವೆಲ್ಲ ನೀರಲ್ಲಿ ಹೋಮ ಮಾಡಿದಂತಾಯಿತು ಎಂದು ನನಗೆ ಅನಿಸಿತು.

ಮಗಳು ಹುಟ್ಟಿದಳು. ಅತ್ತೆ ರೈಲು ಇಳಿದು ಬಂದವರೇ ಸ್ನಾನ ಮಾಡಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಮನೆಯ ಚುಕ್ಕಾಣಿ ಹಿಡಿದರು. ಖಾರದ ಪುಡಿ, ಅಂಟಿನುಂಡೆ, ಎಣ್ಣೆ, ಎಲ್ಲ ಧಾರವಾಡದಿಂದಲೇ ಬಂದಿದ್ದವು. ಪುರುಡು ಕಳೆಯುವವರೆಗೆ ಅಜ್ಜಿ ಮೇಲೆ ಬರಲಿಲ್ಲ. ಅಂಗಳದಲ್ಲಿ ನಿಂತು ಕೂಸಿನ ಅಳು ಕೇಳಿಸಿಕೊಳ್ಳುತ್ತಿದ್ದರೆಂದು ಗಂಡ ಹೇಳುತ್ತಿದ್ದರು.

ಪುರುಡು ಕಳೆದ ದಿನ ಮನೆ ತೊಳೆದಾಯಿತು. ಮರುದಿನ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಮಧ್ಯಾಹ್ನ ಅಜ್ಜಿ ಕೌದಿಯನ್ನು ಮಡಚಿ ತಂದು ಬಾಗಿಲ ಒಳಗಿಟ್ಟು, ತಾವು ಹೊಸ್ತಿಲ ಆಚೆಯೇ ಕೂತರು. ಅತ್ತೆ ಕೌದಿ ಬಿಚ್ಚಿ ನೆಲದ ಮೇಲೆ ಹಾಸಿದರು. ಕಾಯಿಪಲ್ಲೆ ಆರಿಸುವಾಗಿನ ಮುಖ ಮಾಡಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದರು. ಹಿಂಬದಿ ತಿರುಗಿಸಿದರು. ಅವರು ಹಿಂಬದಿ ನೋಡುವವರು. ಸೊಟ್ಟ ತುಂಡಿನ ಹತ್ತಿರ ಬಂದು ನನ್ನ ಮುಖ ನೋಡಿದಾಗ, ಅದು ಹಾಗೇ ಇರಬೇಕಾದದ್ದು ಎಂದೆ. ಅತ್ತೆ ಎದ್ದರು. ಅಡುಗೆಮನೆಗೆ ಹೋಗಿ ಅಂಗೈಯಲ್ಲಿ ಗೋಧಿಕಾಳು ತಂದು, ಬಿಟ್ಟ ಸಂದಿನೊಳಗೆ ಸುರಿದು, ಒಳಗೆ ಹರಡುವ ಹಾಗೆ ಮೇಲಿಂದ ತಟ್ಟಿದರು. ರೊಟ್ಟಿಯ ಚೂರು ಹಾಕಿದರೆ ಈ ಊರಿನ ಇಲಿಗಳು ಕೌದಿಯ ಜೊತೆ ಕೂಸನ್ನೂ ಎತ್ತಿಕೊಂಡು ಹೋಗುತ್ತವೆ ಎಂದು ನಾನು ಮೊದಲೇ ಹೇಳಿದ್ದೆ. ಆಮೇಲೆ ಅಲ್ಲಿಯೇ ಚುಚ್ಚಿಟ್ಟಿದ್ದ ಸೂಜಿಗೆ ಕೈ ಹಾಕಿದರು.

ನಾನು ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದೆ. ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ. ಯಾವತ್ತೂ ಮಾತಿಗೆ ತಡವರಿಸದವಳಿಗೆ ಅಂದು ಅತ್ತೆಯ ಮುಂದೆ ಮಾತು ಹೊರಡಲಿಲ್ಲ. ಹೊಸ್ತಿಲ ಆಚೆಯಿಂದ ಅಜ್ಜಿಯ ದನಿ ಬಂತು.

"ಅದನ್ನ ನಾ ಮುಚ್ಚತೀನಿ."

ಸಣ್ಣ ದನಿ, ಆದರೆ ನಡುಗಲಿಲ್ಲ. ಅತ್ತೆ ತಲೆ ಎತ್ತಿದರು. ಅಜ್ಜಿಯ ಬೋಳು ತಲೆಯನ್ನು, ಕೆಂಪು ಸೆರಗನ್ನು, ಮಡಿಲಲ್ಲಿ ಕೂಡಿಸಿಟ್ಟ ಕೈಗಳನ್ನು ನೋಡಿದರು. ಕೆಳಗೆ ಗಲ್ಲಿಯಲ್ಲಿ ಯಾರೋ ಹಾಲಿನವನನ್ನು ಕೂಗುತ್ತಿದ್ದರು. ಅತ್ತೆ ಸೂಜಿಯಲ್ಲಿದ್ದ ದಾರವನ್ನು ಎಳೆದು ನೋಡಿದರು. ಅದು ಗಿಡ್ಡವಾಗಿತ್ತು. ಅದನ್ನು ತೆಗೆದುಹಾಕಿ, ಉಂಡೆಯಿಂದ ಹೊಸ ದಾರ ಹರಿದು, ತುದಿಯನ್ನು ನಾಲಿಗೆಯಿಂದ ತೋಯಿಸಿ, ಕಣ್ಣು ಕಿರಿದು ಮಾಡಿ ಪೋಣಿಸಿದರು. ಗಂಟು ಹಾಕಿ ಸೂಜಿಯನ್ನು ಬಾಗಿಲ ಕಡೆಗೆ ಚಾಚಿದರು.

"ಒಳಗ ಬರ್ರಿ ಅಕ್ಕಾ. ಅಲ್ಲಿ ಬೆಳಕ ಸಾಲದು."

ಅಜ್ಜಿ ಹೊಸ್ತಿಲು ದಾಟಿ ಬಂದು ಕಿಟಕಿಯ ಕೆಳಗೆ ಕೂತರು. ನಾಲ್ಕು ಬೆರಳಗಲದ ಆ ಸಂದನ್ನು ಹೊಲಿಯಲು ಎಷ್ಟು ಹೊತ್ತು ಬೇಕು? ಅವರು ಅವಸರ ಮಾಡಲಿಲ್ಲ. ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು. ಕೊನೆಯ ಹೊಲಿಗೆ ಬಂದಾಗ ಸೂಜಿ ಒಮ್ಮೆ ನಿಂತಿತು. ಅಜ್ಜಿ ನನ್ನ ಕಡೆ ಚಾಚಲಿಲ್ಲ. ಸೂಜಿ ಇಳಿಸಿದರು, ಎಳೆದರು, ಗಂಟು ಹಾಕಿದರು, ಇದ್ದ ನಾಲ್ಕು ಹಲ್ಲಿನಿಂದ ದಾರ ಕಡಿದರು. ನಾನು ಅತ್ತೇಬಿಟ್ಟೆ. ಬಾಣಂತಿ ಅಳಬಾರದು, ಹಾಲು ಕೆಡುತ್ತದೆ ಎಂದು ಅತ್ತೆ ಗದರಿದರು.

ಅತ್ತೆ ಯಾಕೆ ಒಪ್ಪಿದರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಸಂಜೆ ಮರುದಿನದ ಹೋಳಿಗೆಗೆ ಬೇಳೆ ಆರಿಸುತ್ತ ಅವರೇ, ತಮ್ಮ ತವರಿನಲ್ಲೂ ಇಂಥ ಒಬ್ಬ ಸೋದರತ್ತೆ ಇದ್ದಳು, ಅವಳ ಕೌದಿಯಲ್ಲೇ ತಾವು ಮಲಗಿ ಬೆಳೆದದ್ದು ಎಂದರು. ಮುಂದೆ ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಬೇಳೆಯಲ್ಲಿ ಕಲ್ಲು ಬಹಳ ಇದೆ, ಅಂಗಡಿ ಬದಲಿಸು ಎಂದರು.

ತೊಟ್ಟಿಲಿನ ದಿನ ಕೇದಾರ ಘಾಟ್ ಕಡೆಯ ಕನ್ನಡದ ಮನೆಗಳಿಂದ, ವಿಶ್ವವಿದ್ಯಾಲಯದ ಕ್ವಾರ್ಟರ್ಸಿನಿಂದ ಹೆಂಗಸರು ಬಂದರು. ಅಜ್ಜಿ ಎಂದಿನ ರೂಢಿಯಂತೆ ಅಡುಗೆಮನೆಗೆ ಹೊರಟಿದ್ದರು. ಅತ್ತೆ ಲಟ್ಟಣಿಗೆಯನ್ನು ತಾವು ಕಸಿದುಕೊಂಡು ಅವರನ್ನು ಹೊರಗೆ ಕಳಿಸಿದರು. ಹೋಗಲು ಬೇರೆ ಜಾಗವಿಲ್ಲದೆ ಅವರು ತೊಟ್ಟಿಲಿನ ಕಾಲ ಹತ್ತಿರ ಗೋಡೆಗೆ ಒರಗಿ ಕೂತರು. ಹೆಸರು ಕರೆದಾಯಿತು, ಹಾಡಾಯಿತು. ಪ್ರೊಫೆಸರರೊಬ್ಬರ ಹೆಂಡತಿ ಮಗುವಿನ ಕೆಳಗಿನ ಕೌದಿಯ ಅಂಚು ಎತ್ತಿ ನೋಡಿ, ಎಷ್ಟು ಸಣ್ಣ ಹೊಲಿಗೆ, ಇದು ಯಾರ ಕೈಯದು ಎಂದು ನನ್ನನ್ನು ಕೇಳಿದರು.

ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ತೊಟ್ಟಿಲ ಕಾಲ ಹತ್ತಿರದಿಂದ ಉತ್ತರ ಬಂತು.

"ನಂದು," ಎಂದರು ಅಜ್ಜಿ.

ಅಷ್ಟು ಹೊತ್ತಿಗೆ ಮಗಳು ಅದನ್ನು ಚೆನ್ನಾಗಿ ತೋಯಿಸಿಟ್ಟಿದ್ದಳು. ಅಜ್ಜಿ ಎದ್ದು, ಮಡಿ ಮೈಲಿಗೆ ನೋಡದೆ, ಎಲ್ಲರ ನಡುವೆ ಕೈ ಹಾಕಿ ಅವಳನ್ನು ಎತ್ತಿಕೊಂಡರು. ಕೌದಿಯನ್ನು ಛತ್ತಿನ ಮೇಲೆ ಒಣಹಾಕಲು ನಾನು ತೆಗೆದುಕೊಂಡು ಹೋದೆ. ಮಂಗ ಬಂದೀತೆಂದು ಅದು ಒಣಗುವವರೆಗೂ ಅಲ್ಲೇ ಕೋಲು ಹಿಡಿದು ಕೂತಿದ್ದೆ.